ಹೊರಗೆ ಹೋದರೆ ಹೆದರುವ ತಂಡ

ನಮ್ಮ ಕಾಲೇಜಿನ ವಾಲಿಬಾಲ್ ಹುಡುಗಿಯರು ಮಧುಗಿರಿಯಲ್ಲಿ ಆಡ್ತಾರೆ, ಹೊರಗೆ ಹೋದ್ರೆ ಹೆದರ್ತಾರೆ. ಇದು ಎಲ್ಲರಿಗೂ ಗೊತ್ತಿರೋದೇ ಕಣಮ್ಮ ರಮ್ಯಶ್ರೀ. ಪ್ರಿನ್ಸಿಪಾಲ್ ಜಯರಾಮಯ್ಯನೋರು ಹೇಳ್ತಾರೆ, ಕ್ಯಾಂಟೀನಿನೋನು ಹೇಳ್ತಾನೆ, ಶಿರಾದಿಂದ ಆಡೋಕೆ ಬರೋ ಟೀಮಿನೋರೂ ಹೇಳ್ತಾರೆ. ನೀನೊಬ್ಬಳೇ ಏನೋ ಅಪರಾಧ ಮಾಡಿದೋಳ ಹಾಗೆ ಶೂ, ಜರ್ಸಿ ತಂದು ನನ್ನ ಮೇಜಿನ ಮೇಲೆ ಇಡೋದು ಬೇಡ. ತೆಗಿ ಅದನ್ನ. ತೆಗೆಯಲ್ವಾ? ಇರಲಿ, ಕೂತ್ಕೋ. ನಿಂತೇ ಇರ್ತೀಯಾ... ಸರಿ.

ನಿನ್ನೆ ತುಮಕೂರಲ್ಲಿ ಏನಾಯ್ತು ಅಂತ ಕೇಳಿದೆ. ಯೂನಿವರ್ಸಿಟಿ ಟೀಮಿಗೆ ಸೆಲೆಕ್ಷನ್ನು, ಅಷ್ಟು ಜನ ಕೂತು ನೋಡ್ತಿರ್ತಾರೆ, ಕೈ ನಡುಗಿರುತ್ತೆ. ಹೊಡೆದ ಬಾಲೆಲ್ಲ ನೆಟ್ಟಿಗೆ ಹೋಗಿ ಬಿತ್ತು. ಆಗುತ್ತೆ. ಹೋದ ವರ್ಷ ದೊಡ್ಡೇರಿ ಶೃತಿಗೂ ಹಾಗೇ ಆಯ್ತಲ್ಲ. ಅವಳೂ ಹೀಗೇ ಶೂ ತಂದಿಟ್ಟು ಹೋದ್ಲು. ಈಗ ಶಿರಾದಲ್ಲಿ ಬಟ್ಟೆ ಅಂಗಡಿಯಲ್ಲಿದ್ದಾಳೆ. ಮೊನ್ನೆ ಸಿಕ್ಕಿದ್ಲು. ನಂಗೆ ಧೈರ್ಯ ಸಾಲಲಿಲ್ಲ ಸಾರ್ ಅಂದ್ಲು. ನಾನು ಹೂಂ ಅಂದೆ. ಇನ್ನೇನು ಅನ್ನೋದು?

ಯಾಕೆ ಹಾಗೆ ನೋಡ್ತೀಯ?

ಸೋಮವಾರ ಇನ್ನೊಂದು ಸಲ ಬಾ ಅಂದಿದ್ದಾರೆ ಅಲ್ವಾ. ಹೋಗಬೇಡ. ಇಷ್ಟ ಇಲ್ಲದಿದ್ರೆ ಹೋಗಬೇಡ, ನಾನು ಬಲವಂತ ಮಾಡೋನಲ್ಲ. ಶನಿವಾರ ಇಲ್ಲೇ ನಡೆಯೋ ಕಪ್ ಮ್ಯಾಚು ಮಾತ್ರ ಆಡಿಬಿಡು. ನಮ್ಮ ಕೋರ್ಟು, ನಮ್ಮ ಜನ. ಇಲ್ಲಿ ನಿಂಗೆ ಹೆದರಿಕೆ ಇಲ್ಲ. ಇಲ್ಲಿ ನೀನು ಎಗರಿದ್ರೆ ಹುಡುಗರು ಕಾಂಪೌಂಡ್ ಹತ್ತಿ ನೋಡ್ತಾರೆ. ಇಲ್ಲೇ ಆಡು, ಇಲ್ಲೇ ಗೆಲ್ಲು, ಡಿಗ್ರಿ ಮುಗಿಸು. ಎಲ್ಲರೂ ಊರು ಬಿಟ್ಟು ಹೋಗಲೇಬೇಕು ಅಂತ ಏನಿದೆ? ನನ್ನ ನೋಡು.

ನಗು ಬರುತ್ತಾ? ನಗು, ಪರವಾಗಿಲ್ಲ. ನಂಗೂ ಬರುತ್ತೆ.

ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿದೋನು ನಾನು. ಮೈಸೂರಲ್ಲಿ ಓದುವಾಗ ಟೀಮಿಗೆ ಲಿಫ್ಟರ್ ಆಗಿದ್ದೆ. ಎರಡನೇ ಬಾಲು ನಂದು, ಹೊಡೆಯೋನಿಗೆ ಎತ್ತಿ ಕೊಡೋದಷ್ಟೇ ಕೆಲಸ. ಚಪ್ಪಾಳೆ ಅವನಿಗೆ. ಆಗ ಅದರಲ್ಲೂ ಒಂದು ಮರ್ಯಾದೆ ಇದೆ ಅನ್ಕೊಂಡಿದ್ದೆ. ಬಿ.ಪಿ.ಎಡ್. ಮುಗಿಸಿ ಇಲ್ಲಿಗೆ ಗೆಸ್ಟ್ ಪಿ.ಟಿ. ಮೇಷ್ಟ್ರಾಗಿ ಬಂದೆ. ಗೆಸ್ಟ್ ಅಂದ್ರೆ ಗೊತ್ತಲ್ಲ, ವರ್ಷ ವರ್ಷ ಬಾಗಿಲಲ್ಲಿ ನಿಂತು ಒಳಗೆ ಬರಲಾ ಅಂತ ಕೇಳಬೇಕು. ಪಾವಗಡದಲ್ಲಿ ನಮ್ಮಮ್ಮ ಇದ್ದಾಳೆ, ಹೆಸರು ಪೆದ್ದಮ್ಮ, ಮನೆಮಾತು ತೆಲುಗು. ಫೋನ್ ಮಾಡಿದಾಗೆಲ್ಲ ಒಂದೇ ಪ್ರಶ್ನೆ. ಈ ಸಾರೈನಾ ಪರ್ಮನೆಂಟಾ ರಾ? ಈ ಸಲನಾದ್ರೂ ಪರ್ಮನೆಂಟ್ ಆಯ್ತೇನೋ ಅಂತ. ಬೇರೆ ಸುದ್ದಿ ಕೇಳೋದನ್ನೇ ಬಿಟ್ಟಿದ್ದಾಳೆ.

ಇಲ್ಲಿ ನನ್ನ ಕೆಲಸ ಏನು ಹೇಳು. ವಾಲಿಬಾಲ್ ಕಲಿಸೋದು ಸಂಜೆ. ಹಗಲೆಲ್ಲ ಸಮವಸ್ತ್ರ ಹಾಕದೋರನ್ನ ಗೇಟಲ್ಲಿ ಹಿಡಿಯೋದು, ಯಾರೋ ಮುಖ್ಯ ಅತಿಥಿ ಬಂದ್ರೆ ಕುರ್ಚಿ ಹೊಂದಿಸೋದು, ಯೋಗ ದಿನದಲ್ಲಿ ನಂಬಿಕೆ ಇಲ್ಲದೇ ಉಸಿರು ಬಿಡೋದು. ವಾಲಿಬಾಲಲ್ಲಿ ಚೆಂಡು ಹಿಡ್ಕೊಳ್ಳೋ ಹಾಗಿಲ್ಲ, ಬಂದ ತಕ್ಷಣ ಇನ್ನೊಬ್ಬರ ಕಡೆಗೆ ತಳ್ಳಬೇಕು. ಕಾಲೇಜೂ ಅಷ್ಟೇ. ನನ್ನ ಅರ್ಜಿ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ. ಯಾರೂ ಕೆಳಗೆ ಬೀಳಿಸಲ್ಲ, ಯಾರೂ ಹಿಡ್ಕೊಳ್ಳೋದೂ ಇಲ್ಲ.

ಈ ವರ್ಷ ಜಯರಾಮಯ್ಯನೋರು ಬಾಯಿಬಿಟ್ಟೇ ಹೇಳಿದ್ರು. ಓಬಳರಾಜು, ಶನಿವಾರದ ಕಪ್ಪು ಉಳಿಸ್ಕೊಳ್ರಿ, ನಿಮ್ಮನ್ನ ನಾನು ಉಳಿಸ್ಕೋತೀನಿ ಅಂದ್ರು. ನೀನಿಲ್ಲದೇ ಆ ಕಪ್ಪು ಉಳಿಯಲ್ಲ. ಇದನ್ನ ನಿಂಗೆ ಹೇಳಬಾರದು, ಹೇಳಿಬಿಟ್ಟೆ. ಈಗ ಅರ್ಥ ಆಯ್ತಾ ನಾನು ಯಾಕೆ ಇಷ್ಟು ಹೊತ್ತು ಮಾತಾಡ್ತಿದ್ದೀನಿ ಅಂತ?

ಏನಾದ್ರೂ ಹೇಳಮ್ಮ. ಬೈದ್ರೂ ಪರವಾಗಿಲ್ಲ.

ಬೆಳಿಗ್ಗೆ ನಿಮ್ಮಮ್ಮ ಬಂದಿದ್ರು. ಗೊತ್ತಿಲ್ವಾ ನಿಂಗೆ? ಮಿಡಿಗೇಶಿಯಿಂದ ಮೊದಲನೇ ಬಸ್ಸಿಗೆ ಬಂದು ಗೇಟ್ ಹತ್ರ ಕೂತಿದ್ರು. ಪುಟ್ಟಕ್ಕ, ಒಳಗೆ ಬನ್ನಿ ಅಂತ ನಾನಂದ್ರೂ ಬರಲಿಲ್ಲ. ರಾತ್ರಿ ನೀನು ಊಟ ಮಾಡಲಿಲ್ಲ, ನಾನು ಹೇಡಿ ಕಣಮ್ಮ ಅಂತ ಒಂದೇ ಮಾತು ಹೇಳಿ ಮಲಗಿದೆ ಅಂದ್ರು. ನಾನು ಅದೇ ಸಮಾಧಾನ ಹೇಳಿದೆ. ಹೆಣ್ಣು ಮಕ್ಕಳು, ಹೊಸ ಜಾಗ, ಸ್ವಲ್ಪ ಹೆದರಿಕೆ ಇರುತ್ತೆ ಅಂತ. ಅದಕ್ಕೆ ಅವರೇನಂದ್ರು ಗೊತ್ತಾ?

"ಬೆಟ್ಟುದ್ ಕೋಟೆ ಗೋಡೆ ಮ್ಯಾಲೆ ಆಡಿನ್ ಹಿಂದೆ ಓಡಾಡಿದ್ ಮುಂಡೇದು ಸಾ ಅದು. ಇವ್ಳೆಂಗ್ ಸಾ ಹೆದರ್ತಾಳೆ? ನೀವ್ ಓದಿರೋರು, ಇನ್ನೊಂದ್ಸಲ ಯೋಚ್ನೆ ಮಾಡಿ."

ಯೋಚನೆ ಮಾಡ್ತೀನಿ ಅಂದೆ. ಯೋಚನೆ ಮಾಡೋಕೆ ಏನೂ ಇರಲಿಲ್ಲ.

ಅಂದ್ರೆ... ಹಾಗಲ್ಲ. ತಾಯಿ ಅಂದ್ಮೇಲೆ ಹಾಗೇ ಹೇಳೋದು ಅಂದೆ ಅಷ್ಟೇ. ನೀನೇ ಹೇಳು, ಹೆದರಿಕೆ ಆಯ್ತು ತಾನೇ? ಕಾಲು ನಡುಗ್ತಾ? ಬಾಯಿ ಒಣಗ್ತಾ?

ಇಲ್ವಾ.

ಸ್ವಲ್ಪಾನೂ ಇಲ್ವಾ?

ಮತ್ತೆ ನಿಮ್ಮಮ್ಮನ ಹತ್ರ ಹೇಡಿ ಅಂತ ಯಾಕಂದೆ? ಎಲ್ಲರೂ ಅಂತಾರೆ ಅಂತ ನೀನೂ ಅಂದ್ಕೊಂಡ್ಯಾ. ಎಲ್ಲರೂ ಅಂತಾರೆ, ಹೌದು. ನಾನೂ ಅಂತೀನಿ. ನಾನೇ ಹೆಚ್ಚು ಅಂತೀನಿ.

ಎಲ್ಲಿಗೆ ಹೊರಟೆ? ಬ್ಯಾಗ್ ಇಲ್ಲೇ ಬಿಟ್ಟಿದ್ದೀಯಲ್ಲ. ಕೋರ್ಟಿಗಾ? ಈ ಬಿಸಿಲಲ್ಲಿ ಅಲ್ಲೇನಿದೆ ಕೆಲಸ? ನಿಲ್ಲು, ನಾನೂ ಬರ್ತೀನಿ. ಚಪ್ಪಲಿ ಬಿಟ್ಟೆ ಯಾಕೆ, ನೆಲ ಸುಡುತ್ತೆ...

ನೋಡು, ಆಟ ಬಿಡೋಳು ಹೀಗೆ ನೆಟ್ಟಿನ ಕೆಳಗೆ ಬಂದು ನಿಂತ್ಕೊಳ್ಳಲ್ಲ. ಮನಸ್ಸಿದೆ ನಿಂಗೆ. ಶನಿವಾರ... ಏನ್ ಮಾಡ್ತಿದ್ದೀಯ? ಕೈ ಯಾಕೆ ಎತ್ತಿದೆ?

ಹೌದು, ಸಿಗುತ್ತೆ. ನಿಂತಲ್ಲೇ ಬೆರಳು ನೆಟ್ಟಿನ ಮೇಲಿನ ಪಟ್ಟಿ ಹಿಡಿಯುತ್ತೆ. ನೀನು ಉದ್ದ ಇದ್ದೀಯ, ಸಿಗದೇ ಏನು. ಅದರಲ್ಲೇನು ವಿಶೇಷ?

ತುಮಕೂರಲ್ಲೂ ಹೀಗೇ ಮಾಡಿ ನೋಡಿದ್ಯಾ? ಎಲ್ಲ ಮುಗಿದ ಮೇಲೆ? ಒಬ್ಬಳೇ?

ಸಿಗಲಿಲ್ಲ ಅಲ್ವಾ.

ಕೈ ಇಳಿಸು ರಮ್ಯಶ್ರೀ. ಯಾರಾದ್ರೂ ನೋಡ್ತಾರೆ. ಪ್ರಿನ್ಸಿಪಾಲ್ ರೂಮಿನ ಕಿಟಕಿ ಈ ಕಡೆಗೇ ಇರೋದು. ಇಳಿಸಮ್ಮ.

ಇಳಿಸಲ್ಲ. ನನ್ನ ಮುಖಾನೇ ನೋಡ್ತಾ ನಿಂತಿದ್ದೀಯ. ಇಷ್ಟು ಹೊತ್ತೂ ನೀನು ಕಾದಿದ್ದು ಇದಕ್ಕೇನಾ? ನಾನೇ ಹೇಳ್ತೀನಾ ನೋಡೋಣ ಅಂತ?

ಮಳೆ ಬಂದ್ರೆ ನೀರು ನಿಲ್ಲುತ್ತೆ ಅಂತ ಈ ಕೋರ್ಟಿಗೆ ಗ್ರ್ಯಾವಲ್ ಹೊಡೆಸಿದ್ರು. ನೀನಿನ್ನೂ ಈ ಕಾಲೇಜಿಗೆ ಸೇರಿರಲಿಲ್ಲ. ರೋಲರ್ ಓಡಿಸಿದ್ರು, ಸುಣ್ಣದ ಗೆರೆ ಎಳೆದ್ರು. ಜಯರಾಮಯ್ಯನೋರು ಗೊರವನಹಳ್ಳಿ ದೇವಸ್ಥಾನದಿಂದ ಕುಂಕುಮ ತಂದು ಕಂಬಕ್ಕೆ ಹಚ್ಚಿ ಕಾಯಿ ಒಡೆದ್ರು. ನೆಲ ಮೇಲೆ ಬಂತು. ಕಂಬ ಕಾಂಕ್ರೀಟಲ್ಲಿ ಹೂತಿತ್ತು, ನೆಟ್ ಕಟ್ಟೋ ಕೊಕ್ಕೆ ವೆಲ್ಡಿಂಗ್ ಆಗಿತ್ತು, ಎರಡೂ ಇದ್ದಲ್ಲೇ ಉಳಿದ್ವು. ಆ ವರ್ಷದಿಂದಲೇ ನಾವು ಇಲ್ಲಿ ಗೆಲ್ಲೋಕೆ ಶುರು ಮಾಡಿದ್ದು, ಹೊರಗೆ ಹೆದರೋಕೆ ಶುರು ಮಾಡಿದ್ದು. ರೆಫ್ರಿಗಳು ಕೂಡ ಕುಂಕುಮ ನೋಡಿ ಕೈ ಮುಗೀತಾರೆ. ಕಾಲೇಜಿನ ಕಂಬ, ಅಳೆದೇ ನೆಟ್ಟಿರ್ತಾರೆ ಅಂತ ಬಿಡ್ತಾರೆ. ಟೇಪ್ ಹಿಡಿದು ನೋಡಿದೋನು ನಾನೊಬ್ಬನೇ.

ನಮ್ಮ ನೆಟ್ಟು ನಾಲ್ಕು ಬೆರಳು ಕೆಳಗಿದೆ.