ಜಗಳ ಬಿಡಿಸಲು ಹೋದವಳು

ನಾನು, ಈ ಹಾಳೆಗಳ ಕೊನೆಯಲ್ಲಿ ಸಹಿ ಮಾಡಿರುವ ಶಿಕ್ಷಕಿ, ವಯಸ್ಸು 43 ವರ್ಷ, ಉದ್ಯೋಗ: ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವುದು, ಹನ್ನೊಂದು ವರ್ಷಗಳಿಂದ. ವಾಸ: ಶಾಲೆಯ ಹಿಂದಿನ ರಸ್ತೆ, ಅಂಚೆ ಕಚೇರಿಯ ಎದುರಿನ ಕಟ್ಟಡ, ಎರಡನೆಯ ಮಹಡಿ. ಇಂದು ಬೆಳಿಗ್ಗೆ 10.20ಕ್ಕೆ ನಾನಾಗಿಯೇ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನಾನು ಹತ್ತನೆಯ ತರಗತಿ ‘ಬಿ’ ವಿಭಾಗದ ತರಗತಿ ಶಿಕ್ಷಕಿ. ವಿಭಾಗದಲ್ಲಿ 38 ಮಕ್ಕಳಿದ್ದರು. ಈಗ 35 ಮಕ್ಕಳಿದ್ದಾರೆ. ಕಳೆದ ವರ್ಷ ಶಾಲೆಯ ಇಬ್ಬರು ವಿದ್ಯಾರ್ಥಿಗಳ ಹೊಡೆದಾಟದಲ್ಲಿ ಒಬ್ಬನ ಕೈಮೂಳೆ ಮುರಿದಿತ್ತು. ಆಮೇಲೆ ಹೆಡ್‌ಮಾಸ್ಟರು ಝೀರೋ ಟಾಲರೆನ್ಸ್ ಎಂಬ ನಿಯಮ ತಂದರು. ಯಾರು ಶುರು ಮಾಡಿದರು, ಯಾಕೆ ಮಾಡಿದರು ಎಂದು ಕೇಳುವಂತಿಲ್ಲ. ಜಗಳದಲ್ಲಿ ಇನ್ನೊಬ್ಬರ ಮೈಮೇಲೆ ಕೈ ಇಟ್ಟವರೆಲ್ಲ ಶಾಲೆಯಿಂದ ಹೊರಗೆ. ಸಿಬ್ಬಂದಿ ಸಭೆಯಲ್ಲಿ, ಒಪ್ಪಿಗೆ ಇರುವವರು ಕೈ ಎತ್ತಿ ಎಂದಾಗ ನಾನೂ ಎತ್ತಿದೆ. ಅದು ನನಗೆ ನ್ಯಾಯವೆಂದೇ ಕಂಡಿತ್ತು. ಆಗ ಯಾವ ಮಗುವಿನ ಮುಖವೂ ನನ್ನ ಕಣ್ಣ ಮುಂದೆ ಇರಲಿಲ್ಲ.

ಈ ವರ್ಷ ಶಾಲೆ ಶುರುವಾದ ಮೊದಲ ವಾರದಲ್ಲಿ ನಾನು ಒಬ್ಬ ಹುಡುಗಿಯನ್ನು ತರಗತಿಯ ಲೀಡರ್ ಮಾಡಿದೆ. ವಯಸ್ಸು 15. ತಂದೆ ಲಿಫ್ಟ್ ರಿಪೇರಿ ಕೆಲಸದವರು, ತಾಯಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವರು. ಎಲ್ಲರೂ ಅವಳನ್ನು ಲೀಡರ್ ಎಂದೇ ಕರೆಯುವುದರಿಂದ ಇಲ್ಲಿಯೂ ಹಾಗೆಯೇ ಹೇಳುತ್ತೇನೆ. ಅಂದು ಇಡೀ ತರಗತಿಯ ಎದುರು ನಾನು ಅವಳಿಗೆ, “ಕ್ಲಾಸಲ್ಲಿ ಜಗಳ ಆದ್ರೆ ಕಂಬದ ಹಾಗೆ ನಿಂತ್ಕೊಂಡು ನೋಡ್ಬೇಡ. ಮೊದ್ಲು ಬಿಡಿಸು, ಆಮೇಲೆ ನನ್ನ ಕರಿ” ಎಂದು ಹೇಳಿದೆ. ಈ ಮಾತು ನನ್ನದು. ಇದರ ಬಗ್ಗೆ ನನಗೆ ಯಾವ ಮರೆವೂ ಇಲ್ಲ.

ಇದೇ ತಿಂಗಳ 3ನೇ ತಾರೀಖು ಮಂಗಳವಾರ ಮಧ್ಯಾಹ್ನ 12.40ಕ್ಕೆ ಊಟದ ಗಂಟೆಯಾಯಿತು. ನಾನು ಪ್ರಯೋಗಾಲಯದಲ್ಲಿ ಗಾಜಿನ ನಳಿಕೆಗಳನ್ನು ತೊಳೆಯುತ್ತಿದ್ದೆ. ಅಲ್ಲಿಂದ ನನ್ನ ತರಗತಿಯ ಬಾಗಿಲಿಗೆ ಮೂವತ್ತು ಹೆಜ್ಜೆ. 12.45ರ ಸುಮಾರಿಗೆ ಕಾರಿಡಾರಿನಲ್ಲಿ ಕೂಗಾಟ ಕೇಳಿ ಹೊರಗೆ ಬಂದೆ. ಒಬ್ಬ ಹುಡುಗಿಯ ಪ್ರಯೋಗದ ಪುಸ್ತಕವನ್ನು ಇನ್ನೊಬ್ಬಳು ನೀರಿಗೆ ಬೀಳಿಸಿದ್ದಳು. ಬೇಕೆಂದೇ ಬೀಳಿಸಿದಳು ಎಂದು ಪುಸ್ತಕದ ಹುಡುಗಿ ಅವಳ ಜಡೆ ಹಿಡಿದಿದ್ದಳಂತೆ. ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಲೀಡರ್ ಎರಡೂ ಕೈ ಚಾಚಿ ಇಬ್ಬರ ಮಧ್ಯೆ ನಿಂತಿದ್ದಳು. ಅವಳ ಕೆಳತುಟಿ ಒಡೆದು ರಕ್ತ ಬರುತ್ತಿತ್ತು. ಅಂಗಿಯ ಒಂದು ಗುಂಡಿ ಇರಲಿಲ್ಲ. ನಾನು ಪ್ರಯೋಗಾಲಯದ ಹತ್ತಿ ತಂದು ತುಟಿ ಒರೆಸಿ, ಭಲೇ ಎಂದು ಬೆನ್ನು ತಟ್ಟಿದೆ. 1.15ಕ್ಕೆ ನಾನು ನೋಡಿದಾಗ ಜಗಳವಾಡಿದ ಹುಡುಗಿಯರಿಬ್ಬರೂ ಒಂದೇ ಡಬ್ಬಿಯಲ್ಲಿ ಊಟ ಮಾಡುತ್ತಿದ್ದರು.

2.30ಕ್ಕೆ ಹೆಡ್‌ಮಾಸ್ಟರು ನನ್ನನ್ನು ಕರೆದು ಕಾರಿಡಾರಿನ ಕ್ಯಾಮೆರಾ ದೃಶ್ಯ ತೋರಿಸಿದರು. ಅದು 22 ಸೆಕೆಂಡಿನದು. ಶಬ್ದವಿಲ್ಲ. ಲೀಡರ್ ಕ್ಯಾಮೆರಾಕ್ಕೆ ಬೆನ್ನು ಮಾಡಿದ್ದಾಳೆ. ಅವಳ ಒಂದು ಕೈ ಒಬ್ಬಳ ಭುಜದ ಮೇಲೆ, ಇನ್ನೊಂದು ಕೈ ಇನ್ನೊಬ್ಬಳ ಎದೆಯ ಮೇಲೆ ಇದೆ. ಹಿಂದಿನಿಂದ ನೋಡಿದರೆ ಹೊಡೆಯುವ ಕೈಗೂ ಬಿಡಿಸುವ ಕೈಗೂ ವ್ಯತ್ಯಾಸ ಕಾಣುವುದಿಲ್ಲ. ಅವಳು ಬಿಡಿಸುತ್ತಿದ್ದಳು ಎಂದು ನಾನು ಹೇಳಿದೆ. ಕೈ ಕೈಯೇ, ನಿಯಮದಲ್ಲಿ ಎರಡು ಥರದ ಕೈ ಇಲ್ಲ ಎಂದು ಅವರು ಹೇಳಿದರು.

4ನೇ ತಾರೀಖು ಬುಧವಾರ ಬೆಳಿಗ್ಗೆ 11 ಗಂಟೆಗೆ ಗ್ರಂಥಾಲಯದಲ್ಲಿ ಶಿಸ್ತು ಸಮಿತಿ ಸೇರಿತು. ಐದು ಮಂದಿ ಸದಸ್ಯರು. ತರಗತಿ ಶಿಕ್ಷಕಿಯೆಂದು ನನಗೂ ಒಂದು ಕುರ್ಚಿ ಹಾಕಿದ್ದರು. 10.50ಕ್ಕೆ ಮೆಟ್ಟಿಲ ಮೇಲೆ ಹೆಡ್‌ಮಾಸ್ಟರು ನನ್ನನ್ನು ನಿಲ್ಲಿಸಿ, ಮಕ್ಕಳಿಗೆ ಕೈ ಹಾಕಿ ಎಂದು ಹೇಳಿಕೊಟ್ಟ ಶಿಕ್ಷಕರಿದ್ದರೆ ನಿಯಮ ಅವರಿಗೂ ಅನ್ವಯಿಸುತ್ತದೆ ಎಂದು ಹೇಳಿದ್ದರು. ಅವರು ಗದರಿಸಿ ಹೇಳಲಿಲ್ಲ. ಮೆಟ್ಟಿಲು ಒದ್ದೆಯಾಗಿದೆ ಜೋಪಾನ ಎನ್ನುವ ಹಾಗೆ ಹೇಳಿದರು.

ಲೀಡರ್ ತಂದೆಯ ಜೊತೆ ಬಂದಿದ್ದಳು. ಕೈ ಇಟ್ಟಿದ್ದು ಹೌದೇ ಎಂದು ಕೇಳಿದ್ದಕ್ಕೆ, ಜಗಳ ಆದರೆ ಬಿಡಿಸು ಎಂದು ಮಿಸ್ ಹೇಳಿದ್ದರು ಎಂದಳು. ಹೆಡ್‌ಮಾಸ್ಟರು ನನ್ನ ಕಡೆ ತಿರುಗಿ, ಇದು ನಿಜವೇ ಎಂದು ಕೇಳಿದರು. ನಾನು, ಹಾಗೆ ಹೇಳಿದ ನೆನಪಿಲ್ಲ ಎಂದೆ.

ಲೀಡರ್ ನನ್ನನ್ನು ನೋಡಿದಳು. ನಾನು ಮೇಜಿನ ಮೇಲಿದ್ದ ಹಾಜರಿ ಪುಸ್ತಕವನ್ನು ನೋಡಿದೆ. ಅವಳು, “ನಾನೇ ತಪ್ಪು ಕೇಳಿಸ್ಕೊಂಡಿರ್ಬೇಕು ಸರ್” ಎಂದಳು. ಆಗಲೂ ನಾನು ತುಟಿ ಪಿಟಿಕ್ಕೆನ್ನಲಿಲ್ಲ. ಸಭೆ ಒಂಬತ್ತು ನಿಮಿಷದಲ್ಲಿ ಮುಗಿಯಿತು. ಮೂವರು ಹುಡುಗಿಯರನ್ನೂ ತೆಗೆಯುವುದೆಂದು ತೀರ್ಮಾನವಾಯಿತು. ತಂದೆ ಮಗಳು ಎದ್ದು ಹೋದ ಮೇಲೆ ಚಹಾ ಬಂತು. ನಾನು ಕುಡಿದೆ.

ಅದೇ ದಿನ ವರ್ಗಾವಣೆ ಪತ್ರ ತಯಾರಾಯಿತು. ನಡತೆಯ ಕಾಲಮಿನಲ್ಲಿ ‘ಹಿಂಸಾತ್ಮಕ’ ಎಂದು ಬರೆಯಲಾಗಿದೆ. ಇಬ್ಬರ ಜಗಳ ಮೂರನೆಯವರಿಗೆ ಲಾಭ ಅಂತಾರೆ, ನಮ್ಮಲ್ಲಿ ಮೂರನೆಯವರಿಗೂ ಟೀಸಿ ಎಂದು ಕಚೇರಿಯ ಗುಮಾಸ್ತರು ನನ್ನೆದುರೇ ನಕ್ಕರು. ಹತ್ತನೆಯ ತರಗತಿಯ ಪರೀಕ್ಷೆಗೆ ಆಗ 46 ದಿನ ಬಾಕಿ ಇತ್ತು. ಉಳಿದ ಇಬ್ಬರು ಹುಡುಗಿಯರನ್ನು ಅವರವರ ಸೋದರಮಾವಂದಿರು ಬೇರೆ ಊರಿನ ಶಾಲೆಗಳಿಗೆ ಸೇರಿಸಿದರೆಂದು ತಿಳಿಯಿತು. ಲೀಡರನ್ನು ಆರು ದಿನಗಳಲ್ಲಿ ನಾಲ್ಕು ಶಾಲೆಗಳು ವಾಪಸ್ ಕಳುಹಿಸಿದವು. ನಾಲ್ಕರಲ್ಲೂ ಮೊದಲು ಓದಿದ್ದು ಆ ಕಾಲಮನ್ನೇ.

12ನೇ ತಾರೀಖು ಗುರುವಾರ ಬೆಳಿಗ್ಗೆ 9.50ಕ್ಕೆ ಲೀಡರಿನ ತಂದೆ ಶಾಲೆಗೆ ಬಂದರು. ನಾನು ಕಚೇರಿಯಲ್ಲಿ ಹಾಜರಿಗೆ ಸಹಿ ಮಾಡುತ್ತಿದ್ದೆ. ಹೆಡ್‌ಮಾಸ್ಟರ ಕೋಣೆಯ ಬಾಗಿಲಿನಿಂದ ನಾನು ಆರು ಅಡಿ ದೂರದಲ್ಲಿದ್ದೆ. ಬಾಗಿಲು ತೆರೆದಿತ್ತು. ಅವರು ಹೊಸ್ತಿಲು ದಾಟದೆ, ಎಡಗೈಯನ್ನು ಚೌಕಟ್ಟಿನ ಮೇಲಿಟ್ಟು ಮಾತನಾಡಿದರು. ಮಗಳನ್ನು ವಾಪಸ್ ತಗೊಳ್ಳಿ ಎಂದು ಕೇಳುವುದಿಲ್ಲ, ಕಾಗದದಲ್ಲಿರುವ ಆ ಒಂದು ಪದ ತೆಗೆದುಕೊಟ್ಟರೆ ಸಾಕು ಎಂದರು. ಒಬ್ಬರಿಗೆ ತೆಗೆದರೆ ಎಲ್ಲರಿಗೂ ತೆಗೆಯಬೇಕಾಗುತ್ತದೆ ಎಂದು ಹೆಡ್‌ಮಾಸ್ಟರು ಹೇಳಿದರು. ಅದಕ್ಕೆ ಅವರು, “ಲಿಫ್ಟಲ್ಲಿ ಜನ ಸಿಕ್ಕಿಹಾಕ್ಕೊಂಡಾಗ ಯಾರು ಯಾವ ಗುಂಡಿ ಒತ್ತಿದ್ರಿ ಅಂತ ನಾವು ಕೇಳ್ತಾ ನಿಲ್ಲಲ್ಲ ಸರ್. ಮೊದ್ಲು ಬಾಗಿಲು ತೆಗೀತೀವಿ” ಎಂದರು. ಅವರ ದನಿ ಏರಿರಲಿಲ್ಲ.

ಹೆಡ್‌ಮಾಸ್ಟರು ಎದ್ದು ಬಂದು ಬಾಗಿಲನ್ನು ಜೋರಾಗಿ ಹಾಕಿದರು. ತಂದೆಯ ಎಡಗೈಯ ಎರಡು ಬೆರಳುಗಳು ಬಾಗಿಲಿಗೂ ಚೌಕಟ್ಟಿಗೂ ನಡುವೆ ಸಿಕ್ಕಿಕೊಂಡವು. ಸದ್ದು ನನಗೆ ಕೇಳಿಸಿತು. ಅವರು ಕೂಗಲಿಲ್ಲ. ಬಲಗೈಯಿಂದ ಬಾಗಿಲನ್ನು ಒಳಕ್ಕೆ ತಳ್ಳಿ ಬೆರಳುಗಳನ್ನು ಬಿಡಿಸಿಕೊಂಡರು. ಆ ತಳ್ಳಿದ ಬಾಗಿಲು ತಗುಲಿ ಹೆಡ್‌ಮಾಸ್ಟರ ಕನ್ನಡಕ ಕೆಳಗೆ ಬಿತ್ತು. ಅದು ಒಡೆಯಲಿಲ್ಲ. ನಾನೇ ಎತ್ತಿಕೊಟ್ಟೆ. ಇದರ ಹೊರತು ಅಂದು ಬೇರೇನೂ ನಡೆಯಲಿಲ್ಲ.

10.30ಕ್ಕೆ ಗುಮಾಸ್ತರು ಠಾಣೆಗೆ ಕೊಡಲು ಟೈಪ್ ಮಾಡಿದ ಒಂದು ದೂರು ತಂದರು. ಆ ತಂದೆ ಬಾಗಿಲು ಒದ್ದು ಒಳನುಗ್ಗಿ ಹೆಡ್‌ಮಾಸ್ಟರ ಮೇಲೆ ಹಲ್ಲೆ ಮಾಡಿದರೆಂದು ಅದರಲ್ಲಿತ್ತು. ಮೂವರು ಶಿಕ್ಷಕರು ಸಹಿ ಮಾಡಿದರು. ಅವರಲ್ಲಿ ಇಬ್ಬರು ಆ ಹೊತ್ತಿನಲ್ಲಿ ಮೇಲಿನ ಮಹಡಿಯಲ್ಲಿ ಪಾಠ ಮಾಡುತ್ತಿದ್ದರು. ನಾನು ಸಹಿ ಮಾಡಲಿಲ್ಲ. ಕನ್ನಡಕ ತಂದಿಲ್ಲ, ಆಮೇಲೆ ಓದಿ ಹೇಳುತ್ತೇನೆ ಎಂದೆ. ಅದೂ ಸುಳ್ಳು. ನನ್ನ ಕನ್ನಡಕ ಕೈಚೀಲದಲ್ಲೇ ಇತ್ತು.

13ನೇ ತಾರೀಖು ಶುಕ್ರವಾರ ಎರಡು ಕಿಲೋಮೀಟರ್ ನಡೆದು ಸಂಜೆ 5.30ಕ್ಕೆ ಲೀಡರ್ ಮನೆ ತಲುಪಿದೆ. ತಂದೆಯ ಕೈಗೆ ಪಟ್ಟಿ ಕಟ್ಟಿತ್ತು. ಆರು ವಾರ ಸ್ಪ್ಯಾನರ್ ಹಿಡಿಯುವಂತಿಲ್ಲ ಎಂದು ವೈದ್ಯರು ಹೇಳಿದ್ದಾರಂತೆ. ತಾಯಿ ನನ್ನನ್ನು ಕುಳಿತುಕೊಳ್ಳಿ ಎನ್ನಲಿಲ್ಲ. ಲೀಡರ್ ಒಳಗಿನಿಂದ ಕುರ್ಚಿ ತಂದು ಹಾಕಿದಳು. ಕುರ್ಚಿಯ ಮೇಲಿದ್ದ ವಿಜ್ಞಾನದ ಪುಸ್ತಕವನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡಳು.

ನಾಳೆ ಠಾಣೆಗೆ ಹೋಗಿ ಬಾಗಿಲ ವಿಷಯವನ್ನೂ, ಸಮಿತಿಯಲ್ಲಿ ನಾನು ಸುಳ್ಳು ಹೇಳಿದ ವಿಷಯವನ್ನೂ ತಿಳಿಸುವುದಾಗಿ ಹೇಳಿದೆ. ಲೀಡರ್, “ಅಪ್ಪ ಹೊಡೀಲಿಲ್ಲ ಅಂತ ಹೇಳಿ ಮಿಸ್, ಸಾಕು. ನನ್ನ ವಿಷಯ ಬಿಟ್ಬಿಡಿ. ನಿಮ್ಮನ್ನೂ ತೆಗೆದುಬಿಡ್ತಾರೆ” ಎಂದಳು.

ಆಗ ತಾಯಿ, “ಮೊದ್ಲಿಂದ್ಲೂ ಇವಳದ್ದು ಇದೇ ಚಟ. ಯಾರಿಗೆ ಏಟು ಬೀಳೋ ಹಾಗಿದ್ರೂ ಅಡ್ಡ ಹೋಗಿ ನಿಲ್ಲೋದು. ನಾವು ಬೈದು ಬೈದು ಬಿಡಿಸ್ತಾ ಇದ್ವಿ. ನೀವು ಬೆನ್ನು ತಟ್ಟಿದ್ರಿ ಅಂತ ಅವತ್ತು ಮನೆಗೆ ಬಂದು ಎರಡು ಸಲ ಹೇಳಿದ್ಳು” ಎಂದರು. ನಾನು 5.50ಕ್ಕೆ ಹೊರಟೆ.

ಹುಡುಗಿ ಬೇಡವೆಂದರೂ ಅವಳ ವಿಷಯವನ್ನು ಇಲ್ಲಿ ಹೇಳಿದ್ದೇನೆ. ಇದರ ಒಂದು ಪ್ರತಿಯನ್ನು ಶಿಸ್ತು ಸಮಿತಿಗೂ ಕಳುಹಿಸಬೇಕಾಗಿ ಕೋರುತ್ತೇನೆ. ನನ್ನ ಮೇಲೆ ಕ್ರಮ ಕೈಗೊಳ್ಳುವಾಗ ಸಮಿತಿಯು ಯಾಕೆ ಎಂದು ಕೇಳುವುದಿಲ್ಲ ಎಂಬುದು ನನಗೆ ಗೊತ್ತಿದೆ. ಕೇಳಿದರೂ, ಹೆದರಿದೆ ಎನ್ನುವುದರ ಹೊರತು ನನ್ನ ಬಳಿ ಬೇರೆ ಕಾರಣವಿಲ್ಲ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಲಾಯಿತು. ಮೊದಲ ಹಾಳೆಯಲ್ಲಿ ‘ಮೂವರು ವಿದ್ಯಾರ್ಥಿನಿಯರ ನಡುವಿನ ಜಗಳ’ ಎಂದು ಬರೆದಿದ್ದರು. ನಾನು ಹಾಗೆ ಹೇಳಿಲ್ಲವೆಂದೆ. ಎಲ್ಲ ಒಂದೇ ಅಲ್ಲವೇ ಮೇಡಂ, ಹೊಡೆದು ಹಾಕಿದರೆ ಹಾಳೆ ಗಲೀಜಾಗುತ್ತದೆ ಎಂದು ಬರೆದುಕೊಳ್ಳುತ್ತಿದ್ದ ಪೇದೆ ಹೇಳಿದರು. ಗಲೀಜಾಗಲಿ ಎಂದೆ. ಅದನ್ನು ಹೊಡೆದು ಹಾಕಿಸಿ, ‘ಜಗಳ ಇಬ್ಬರದು, ಬಿಡಿಸಿದವಳು ಒಬ್ಬಳು’ ಎಂದು ಬರೆಸಿ, ಪಕ್ಕದಲ್ಲಿ ಸಹಿ ಹಾಕಿದ್ದೇನೆ. ಉಳಿದದ್ದೆಲ್ಲ ನಾನು ಹೇಳಿದಂತೆಯೇ ಇದೆ, ಮತ್ತು ನಿಜವಾಗಿದೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 14, ಶನಿವಾರ, ಮಧ್ಯಾಹ್ನ 12.05

(ಸಹಿ)
ತರಗತಿ ಶಿಕ್ಷಕಿ, ಹತ್ತನೆಯ ‘ಬಿ’