ಎಕ್ಕದ ಜೋಡಿ

ಹಲೋ... ಯಾರು? ... ಯಾರ ನಂಬರಪ್ಪ ಇದು, ಮಾತಾಡಿ...

ಓ, ನೀನಾ ತಮ್ಮ? ಯಾರ ಫೋನಿಂದ ಮಾಡ್ತಿದ್ದೀಯ? ... ಕ್ಲಬ್ಬಿನ ವಾಚ್‌ಮನ್‌ದಾ? ತಡಿ, ಹೊಲಿಗೆ ಮೆಷಿನ್ ನಿಲ್ಲಿಸ್ತೀನಿ... ಹಾಂ, ಹೇಳು. ಈ ಹೊತ್ತಲ್ಲಿ ಅಲ್ಲೇನು ಕೆಲಸ ನಿಂಗೆ? ಶಾಲೆ ಬಿಡೋ ಹೊತ್ತಾಯ್ತು, ವ್ಯಾನ್ ತಗೊಂಡು ಹೋಗೋದು ಬೇಡ್ವಾ?...

ಏನು, ಪೋಕರ್ ಬಗ್ಗೆನಾ? ... ನಾನು ಅಲ್ಲಿ ಇಸ್ಪೀಟೆಲೆ ಹಂಚೋ ಕೆಲಸ ಬಿಟ್ಟು ಯಾವ ಕಾಲ ಆಯ್ತು, ಅಕ್ಕ ಈಗ ನೆನಪಾದ್ಳಾ? ... ಸರಿ, ಬೇಗ ಕೇಳು...

ಕೈಗೆ ಎರಡೂ ಎಕ್ಕನೇ ಬಂದ್ವಾ? ... ಅದಕ್ಕಿಂತ ಒಳ್ಳೆ ಎಲೆ ಇಲ್ವೋ ಮಾರಾಯ. ಶುರುವಲ್ಲೇ ಪಣ ಏರಿಸಿರ್ತೀಯ, ಅಲ್ವಾ? ... ಅಲ್ವಾ?...

ಸುಮ್ನೆ ಕೂತ್ಯಾ? ಯಾಕೆ? ... ಅವರಿಗೆ ಗೊತ್ತಾಗ್ಬಾರ್ದು ಅಂತ. ಅಯ್ಯೋ ಬುದ್ಧಿವಂತ. ಎಷ್ಟು ಸಲ ಬಡ್ಕೊಂಡಿದ್ದೀನಿ ನಾನು. ಎಕ್ಕದ ಜೋಡಿ, ರಾಜನ ಜೋಡಿ, ರಾಣಿ ಜೋಡಿ, ಇಲ್ಲ ಎಕ್ಕದ ಜೊತೆ ರಾಜ, ಇಂಥವು ಬಂದ್ರೆ ಮಾತ್ರ ಆಡು, ಆಡಿದ್ರೆ ಮೊದಲೇ ಜೋರಾಗಿ ಕಟ್ಟು ಅಂತ. ಹೆದರೋರು ಎಲೆ ಬಿಟ್ಟು ಹೋಗ್ಲಿ, ಒಬ್ಬ ಉಳಿದ್ರೆ ಸಾಕು. ನೀನು ನೋಡಿದ್ರೆ ಬಾಗಿಲು ತೆಗೆದು ಎಲ್ರನ್ನೂ ಒಳಗೆ ಬಿಟ್ಕೊಂಡೆ...

ಆಮೇಲೆ ಮೇಜಿನ ಮೇಲೆ ಎಲ್ರಿಗೂ ಸೇರಿದ ಎಲೆ ಯಾವ್ಯಾವು ಬಿದ್ವು? ... ಮೂರೂ ಆಟೀನಾ? ನಿನ್ನ ಎಕ್ಕದಲ್ಲಿ ಒಂದಾದ್ರೂ ಆಟೀನು ಇದೆಯಾ? ... ಇಲ್ಲ. ಹೂಂ... ಪಣದ ಬಿಲ್ಲೆ ಎಲ್ಲಾ ಮುಂದಕ್ಕೆ ತಳ್ಳಿದ್ದು ಯಾರು? ... ಗ್ಯಾರೇಜಿನವನಾ...

ಅವನ ಕೈಲಿ ಇನ್ನೆರಡು ಆಟೀನು ಇರುತ್ತೆ ಕಣೋ. ಐದೂ ಆಟೀನು ಸೇರಿದ್ರೆ ನಿನ್ನ ಎಕ್ಕ ಕವಡೆ ಕಿಮ್ಮತ್ತಿಗೂ ಬಾಳಲ್ಲ. ಎಲೆ ಬಿಸಾಕಿ ಎದ್ದು ಬಾ... ನಿನ್ನ ಹತ್ರ ಬಿಲ್ಲೆ ಸಾಲಲ್ವಾ? ಅದಕ್ಕೆ ಅವನು ಏನು ಇಡು ಅಂದ? ... ವ್ಯಾನ್ ಕೀನಾ?...

ನನ್ನ ಮಾತು ಕೇಳು. ಆ ವ್ಯಾನೇ ನಿಮ್ಮನೆ ಅನ್ನ. ಅದು ಹೋದ್ರೆ ನಿನ್ನ ಹೆಂಡ್ತಿ ಮಕ್ಳು ಬೀದಿಗೆ ಬರ್ತಾರೆ... ಎಕ್ಕ ಬಿಡೋಕೆ ಮನಸ್ಸು ಬರಲ್ಲ, ಗೊತ್ತು. ಆದ್ರೂ ಬಿಡ್ಬೇಕು. ಬಿಡ್ತೀಯ ತಾನೆ? ... ಹಲೋ? ಬಿಡ್ತೀಯ ತಾನೆ?...

ಹಾಂ? ಭಾವನ ಗಾಡಿ ಯಾಕೆ? ... ಶಾಲೆ ಮಕ್ಳನ್ನ ಅವರು ಯಾಕೆ ಕರ್ಕೊಂಡು ಬರ್ಬೇಕು?...

ತಡಿ. ನೀನೀಗ ಎಲ್ಲಿದ್ದೀಯ? ... ಹೊರಗೆ ಮೆಟ್ಟಿಲ ಮೇಲಾ? ಹಾಗಾದ್ರೆ ಆಟ ಮುಗಿದೇ ಹೋಯ್ತಾ? ... ಕೀ ಇಟ್ಟುಬಿಟ್ಯಾ?...

ಮತ್ತೆ ಇಷ್ಟೊತ್ತು ನನ್ನನ್ನ ಯಾಕೋ ಕೇಳ್ದೆ? ... ನೀನು ಸರಿಯಾಗೇ ಆಡ್ದೆ, ಗ್ರಹಚಾರ ಕೆಟ್ಟಿತ್ತು ಅಂತ ನನ್ನ ಬಾಯಲ್ಲಿ ಕೇಳ್ಬೇಕಿತ್ತಾ? ... ಅಳ್ಬೇಡ. ಅಳ್ಬೇಡ್ವೋ...

ಅದೇನು ಸದ್ದು? ನಿನ್ನ ವ್ಯಾನ್ ಹಾರನ್ ಅಲ್ವಾ? ... ಅವನಾಗ್ಲೇ ತಗೊಂಡು ಹೊರಟ್ನಾ? ... ಬೇಡ, ಹೋಗ್ಲಿ ಬಿಡು. ಮುಂದೆ ನಿಂತ್ರೆ ಅವನು ನಿಲ್ಲಿಸ್ತಾನೆ ಅಂದ್ಕೋಬೇಡ. ತಮ್ಮಾ, ಗಾಡಿಗೆ ಅಡ್ಡ ಹೋಗ್ಬೇಡ, ನನ್ನ ಮಾತು ಕೇಳಿಸ್ಕೋ... ಹಲೋ? ... ಹಲೋ...