ಗೋಡೆ ಟೀಚರ್

…ಅಯ್ಯೋ, ಆ ವಿಡಿಯೋ ಡಿಲೀಟ್ ಮಾಡಿ ಮೂರು ದಿನ ಆಯ್ತು ಟೀಚರ್! ನನ್ನ ಫೋನಲ್ಲೂ ಇಲ್ಲ, ನಮ್ಮ ಡ್ರೈವಿಂಗ್ ಸ್ಕೂಲ್ ಪೇಜಲ್ಲೂ ಇಲ್ಲ. ಬೇಕಾದ್ರೆ ನೋಡಿ. ಬೇಡ್ವಾ? ಸರಿ, ಬೆಲ್ಟ್ ಹಾಕ್ಕೊಳ್ಳಿ. ಒಂಬತ್ತು ವರ್ಷ ಆದ್ಮೇಲೆ ಸ್ಟೇರಿಂಗ್ ಹಿಡೀತಿದೀರಿ. ಕಾರು ಅದೇ. ಗೋಡೇನೂ ಅದೇ, ಬಣ್ಣ ಮಾತ್ರ ಹೊಸದು. ಬೇರೆ ಕಡೆ ಹೋಗೋಣ ಅಂದೆ, ಇಲ್ಲೇ ಆಗ್ಬೇಕು ಅಂದೋರು ನೀವೇ.

ಯಾಕೆ ಹಾಗೆ ನೋಡ್ತೀರಿ? ನಾನೇನು ಬೇಕು ಅಂತ ಹಾಕಿದ್ನಾ... ಅಂದ್ರೆ, ಹಾಕಿದ್ದು ನಾನೇ. ಹೊಸಬರು ಮೊದಲ ಸಲ ಕಾರು ಓಡಿಸೋದನ್ನ ಪಕ್ಕದ ಸೀಟಿಂದ ವಿಡಿಯೋ ಮಾಡಿ ಪೇಜಿಗೆ ಹಾಕೋದು ನಮ್ಮ ಅಭ್ಯಾಸ. ನಿಮ್ಮದು ಸೀದಾ ಗೋಡೆಗೆ ಹೋಗಿ ಗುದ್ತು. ನೀವು ಕಿರುಚಿದ್ರಿ, ನಾನು ನಕ್ಕೆ, ಅದೂ ಕೇಳ್ಸುತ್ತೆ. ಆದ್ರೆ ಈಗ ಅದನ್ನ ಮತ್ತೆ ಮೇಲೆ ತಂದಿದ್ದು ಫೋನು! 'ಒಂಬತ್ತು ವರ್ಷದ ಹಿಂದೆ ಇದೇ ದಿನ' ಅಂತ ತಾನಾಗೇ ತೋರಿಸ್ತು. ಕೆಳಗೆ 'ಹಂಚಿಕೊಳ್ಳಿ' ಅಂತಿತ್ತು. ಹಂಚಿಕೊಂಡೆ. ಒಂದು ಬೆರಳು, ಅಷ್ಟೇ! ಆಗ ನಾನೂರು ಜನ ನೋಡಿದ್ರು, ಈಗ ನಾಲ್ಕು ಲಕ್ಷ. ಯಾರೋ ಪುಣ್ಯಾತ್ಮ ಮ್ಯೂಸಿಕ್ ಬೇರೆ ಸೇರಿಸಿದಾನೆ. ಚೆನ್ನಾಗಿದೆ... ಮ್ಯೂಸಿಕ್ ಹೇಳಿದ್ದು.

ನಿಮ್ಮ ಎಂಟನೇ ಕ್ಲಾಸ್ ಮಕ್ಕಳು ದೊಡ್ಡ ಪರದೆ ಮೇಲೆ ಹಾಕಿದ್ರಂತೆ, ಹೆಂಡ್ತಿ ಹೇಳಿದ್ಲು. 'ಗೋಡೆ ಟೀಚರ್' ಅಂತಾರಂತೆ. ಮಕ್ಕಳು ತಾನೆ, ನಾಲ್ಕು ದಿನ ಅಂತಾರೆ, ಮರೀತಾರೆ.

ಹೂಂ, ನಿಮ್ಮನ್ನ ಹೆಡ್ ಮಿಸ್ ಮಾಡೋ ವಿಷ್ಯಾನೂ ಗೊತ್ತು. ನಾಳೆ ಅದಕ್ಕೇ ಶಾಲೆ ಕಮಿಟಿ ಕೂರುತ್ತಲ್ವಾ? ಎದುರಿಗಿರೋ ಗೋಡೆ ಕಾಣದವರು ಶಾಲೆ ಹೇಗೆ ನಡೆಸ್ತಾರೆ ಅಂದ್ರಂತೆ ಒಬ್ಬ ಮೆಂಬರು. ಅವರಿಗೆ ಕಾರು ಕಲಿಸಿದ್ದೂ ನಾನೇ. ಇವತ್ತಿಗೂ ರಿವರ್ಸ್ ಬರಲ್ಲ.

ನಾನೇನು ಮಾಡ್ಲಿ ಹೇಳಿ? ಕೈ ಮೀರಿ ಹೋಗಿದೆ. ನೀವೇನು ಯಾರೂ ಮಾಡದ ತಪ್ಪು ಮಾಡ್ಲಿಲ್ಲ. ಬ್ರೇಕ್ ಅಂದ್ಕೊಂಡು ಆಕ್ಸಿಲರೇಟರ್ ಒತ್ತಿದ್ರಿ, ಕಲಿಯೋರೆಲ್ಲ ಒತ್ತೋದೇ. ನಡೆಯೋರು ಎಡವದೆ ಕೂತೋರು ಎಡವ್ತಾರಾ?

ಏನು ನೋಡ್ತಿದೀರಿ, ನನ್ನ ಕಾಲಾ? ಚಪ್ಪಲಿ ಹೊಸದು.

ಓ... ಇದಾ. ಇದು ಕಲಿಸೋರ ಬ್ರೇಕು, ಪಕ್ಕದ ಸೀಟಿಗೂ ಒಂದು. ಆಮೇಲೆ ಹಾಕ್ಸಿದ್ದು. ನಿಮ್ಮದು ಆಯ್ತಲ್ಲ, ಅದಾದ್ಮೇಲೆ. ಆಗ ಇರ್ಲಿಲ್ಲ. ಇದ್ದಿದ್ರೆ ಬಿಡ್ತಿದ್ನಾ ಟೀಚರ್! ಬಿಡ್ತಿದ್ನಾ!

ನಗ್ತಿದೀರಾ? ಇಲ್ವಾ? ನಕ್ಕ ಹಾಗಿತ್ತು.

ಸರಿ ಸರಿ, ಪಾಠ ಶುರು ಮಾಡೋಣ. ಕ್ಲಚ್ ಒತ್ತಿ ಸ್ಟಾರ್ಟ್ ಮಾಡಿ. ಫಸ್ಟ್ ಗೇರ್. ಸ್ಟೇರಿಂಗ್ ಅಷ್ಟು ಬಿಗಿಯಾಗಿ ಹಿಡೀಬೇಡಿ. ಆವತ್ತೂ ಹೀಗೇ ಹಿಡಿದಿದ್ರಿ. ಆವತ್ತೂ ಹೇಳಿದ್ನಲ್ಲ, ಹೆದರ್ಬೇಡಿ ಟೀಚರ್, ನನ್ನ ಕಾಲ ಕೆಳಗೂ ಒಂದು ಬ್ರೇ...

...

ಬಿಸಿಲು ಜಾಸ್ತಿ ಅಲ್ವಾ ಇವತ್ತು.

ಏನಾದ್ರೂ ಅನ್ನಿ. ಬೈದಾದ್ರೂ ಬೈದುಬಿಡಿ. ಕ್ಲಚ್ ಬಿಟ್ರಾ? ಗೋಡೆ ಕಡೆ ಹೋಗ್ತಿದೆ. ನಿಧಾನಕ್ಕೇ ಹೋಗ್ತಿದೆ, ಆದ್ರೂ... ಬ್ರೇಕ್. ಬ್ರೇಕ್ ಒತ್ತಿ! ಕಾಲು ಯಾಕೆ ಸೀಟ್ ಮೇಲೆ ಎತ್ತಿಟ್ಕೊಂಡ್ರಿ? ಫೋನ್ ಯಾಕೆ ತೆಗೆದ್ರಿ? ನನ್ನ ಕಡೆ ಯಾಕೆ ಹಿಡಿದ್ರಿ... ಗೋಡೆ! ಟೀಚರ್, ಗೋಡೆ!

...ನಿಂತ್ಕೊಂಡ್ತು. ಇಂಜಿನ್ನೂ ಆಫ್ ಆಯ್ತು. ಗೋಡೆಗೂ ನಮಗೂ ಒಂದು ಗೇಣು.

ಹೌದು, ಒತ್ತಿದ್ದು ನಾನೇ. ಒತ್ತಿದ್ರೆ ನಿಲ್ಲುತ್ತೆ. ನೋಡಿದ್ರಲ್ಲ.

ಇನ್ನೂ ರೆಕಾರ್ಡ್ ಆಗ್ತಿದೆಯಾ? ನಾಳೆ ಕಮಿಟಿಗಾ? ಮೊದ್ಲೇ ಹೇಳಿದ್ರೆ ಬೇರೆ ಅಂಗಿ ಹಾಕ್ಕೊಂಡು... ಸರಿ. ಹೇಳ್ತೀನಿ. ಫೋನ್ ಸ್ವಲ್ಪ ಕೆಳಗಿಳಿಸಿ, ಪೆಡಲ್ಲೂ ಕಾಣ್ಲಿ.

ಈ ಬ್ರೇಕ್ ಕಾರು ತಗೊಂಡ ದಿನದಿಂದ ಇದೆ. ಆವತ್ತೂ ಇತ್ತು. ಗೋಡೆ ನಿಮಗಿಂತ ಮೊದ್ಲು ನನಗೇ ಕಂಡಿತ್ತು. ಕೈಯಲ್ಲಿ ಫೋನ್ ಇತ್ತು, ವಿಡಿಯೋ ಚೆನ್ನಾಗಿ ಬರ್ತಿತ್ತು...

ಕಾಲು ಖಾಲಿ ಇತ್ತು ಟೀಚರ್. ಕಾಲಿಗೆ ಬೇರೆ ಕೆಲಸ ಇರ್ಲಿಲ್ಲ.